ಗ್ರಹವೋ, ಉಪಗ್ರಹವೋ, ವಿಮಾನವೋ: ಬರಿಗಣ್ಣಿನಲ್ಲಿ ಗುರುತಿಸುವುದು ಹೇಗೆ?

ಪ್ರಶ್ನೆ: ಸಂಜೆ ಕತ್ತಲಾದ ಮೇಲೆ ಪಶ್ಚಿಮದಲ್ಲಿ ಬಹಳ ಪ್ರಖರವಾದ ಒಂದು ಬೆಳಕು ಕಾಣುತ್ತದೆ. ಒಮ್ಮೆ ನಿಂತಂತೆ, ಒಮ್ಮೆ ನಿಧಾನವಾಗಿ ಸರಿದಂತೆ ತೋರುತ್ತದೆ. ಮನೆಯಲ್ಲಿ ಒಬ್ಬರು ಅದನ್ನು ವಿಮಾನ ಎನ್ನುತ್ತಾರೆ, ಇನ್ನೊಬ್ಬರು ಉಪಗ್ರಹ ಎನ್ನುತ್ತಾರೆ. ನನಗೆ ಗ್ರಹವೆನ್ನಿಸುತ್ತದೆ. ದೂರದರ್ಶಕವಿಲ್ಲದೆ ಇದನ್ನು ತೀರ್ಮಾನಿಸಬಹುದೇ?

ಉತ್ತರ: ವಾರಗಟ್ಟಲೆ ಅದೇ ಹೊತ್ತಿಗೆ, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಕಾಣುತ್ತಿದ್ದರೆ ನಿಮ್ಮ ಮಾತೇ ಸರಿ. ಅದು ಗ್ರಹ, ಬಹುಮಟ್ಟಿಗೆ ಶುಕ್ರ. ಒಂದೇ ದಿನ ಕಂಡದ್ದಾದರೆ ತೀರ್ಪು ಕೊಡುವ ಮುನ್ನ ಒಂದು ಪರೀಕ್ಷೆ ಆಗಬೇಕು. ಆಕಾಶದಲ್ಲಿ ಏನಾದರೂ ಕಂಡರೆ ಅದು ಎಷ್ಟು ಹೊಳೆಯುತ್ತಿದೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ನೋಡುವುದು ಎಲ್ಲರ ಅಭ್ಯಾಸ. ಈ ಎರಡು ಸುಳಿವುಗಳಷ್ಟು ದಾರಿ ತಪ್ಪಿಸುವಂಥವು ಬೇರೆ ಇಲ್ಲ.

ಕತ್ತಲಲ್ಲಿ ಒಂಟಿ ಚುಕ್ಕಿಯನ್ನು ದಿಟ್ಟಿಸುತ್ತಾ ನಿಂತರೆ, ಅದು ನಿಶ್ಚಲವಾಗಿದ್ದರೂ ತೇಲಿದಂತೆ, ಓಲಾಡಿದಂತೆ ಕಾಣತೊಡಗುತ್ತದೆ. ಸುತ್ತ ಹೋಲಿಸಿ ನೋಡಲು ಏನೂ ಇಲ್ಲದಿರುವುದರಿಂದ ಆಗುವ ಭ್ರಮೆ ಇದು. ನಿಮ್ಮ ಬೆಳಕು ‘ಒಮ್ಮೆ ಸರಿದಂತೆ’ ತೋರಿದ್ದು ಇದರಿಂದಲೇ ಇರಬಹುದು. ಹಾಗಾಗಿ ಗೋಡೆಗೆ ತಲೆಯಾನಿಸಿ ನಿಲ್ಲಿ. ಬೆಳಕು ಕಂಬದ ಅಂಚಿಗೋ ಸೂರಿನ ತುದಿಗೋ ತಾಗಿಕೊಂಡಂತೆ ಕಾಣುವ ಜಾಗ ಹುಡುಕಿ, ಅಲ್ಲಾಡದೆ ಒಂದು ನಿಮಿಷ ನೋಡಿ. ವಿಮಾನ, ಉಪಗ್ರಹಗಳು ಆ ಅಂಚನ್ನು ಕೆಲವೇ ಸೆಕೆಂಡುಗಳಲ್ಲಿ ಬಿಟ್ಟು ಹೋಗಿರುತ್ತವೆ. ಗ್ರಹವೂ ಸರಿಯುತ್ತದೆ, ಆದರೆ ಅದು ಭೂಮಿ ತಿರುಗುವುದರಿಂದ ಆಗುವ ಚಲನೆ. ಆ ಒಂದು ನಿಮಿಷದಲ್ಲಿ ಹೆಚ್ಚೆಂದರೆ ಚಂದ್ರಬಿಂಬದ ಅರ್ಧದಷ್ಟು ದೂರ, ಅದೂ ಸುತ್ತಲಿನ ನಕ್ಷತ್ರಗಳ ಜೊತೆಯಲ್ಲೇ.

ಈ ಪರೀಕ್ಷೆಯನ್ನೂ ಏಮಾರಿಸುವ ಒಂದು ಸಂದರ್ಭವಿದೆ. ನೇರವಾಗಿ ನಿಮ್ಮತ್ತಲೇ ಬರುತ್ತಿರುವ ವಿಮಾನ, ಇಳಿಯುವ ದೀಪಗಳನ್ನು ಹೊತ್ತಿಸಿಕೊಂಡಿದ್ದರೆ, ಕೆಲವು ನಿಮಿಷ ಒಂದೇ ಕಡೆ ನೆಟ್ಟಂತೆ ಉರಿಯುತ್ತದೆ. ಮಿನುಗುವ ಸಣ್ಣ ದೀಪಗಳು ಆ ಪ್ರಖರತೆಯಲ್ಲಿ ಮುಳುಗಿಹೋಗಿರುತ್ತವೆ, ಸದ್ದೂ ಇರುವುದಿಲ್ಲ. ಇಲ್ಲಿ ತಾಳ್ಮೆಯೇ ಮದ್ದು. ಸ್ವಲ್ಪ ಹೊತ್ತಿಗೆ ವಿಮಾನ ತಿರುಗುತ್ತದೆ ಅಥವಾ ಹತ್ತಿರ ಬರುತ್ತದೆ, ಆಗ ಬಣ್ಣದ ದೀಪಗಳು ಬೇರೆಬೇರೆಯಾಗಿ ಕಾಣುತ್ತವೆ. ಎಲ್ಲ ವಿಮಾನಗಳಲ್ಲೂ ಎಡ ರೆಕ್ಕೆಯ ತುದಿಗೆ ಕೆಂಪು, ಬಲ ರೆಕ್ಕೆಯ ತುದಿಗೆ ಹಸಿರು. ಎದುರು ಬರುವ ವಿಮಾನದ ಕೆಂಪು ದೀಪ ನಿಮ್ಮ ಬಲಗಡೆಗೆ ಇರುತ್ತದೆ.

ಇದನ್ನು ಗೊಂದಲ ಮಾಡಿಕೊಳ್ಳುವುದು ನಾವು ನೀವು ಮಾತ್ರವಲ್ಲ. 2011ರ ಜನವರಿಯಲ್ಲಿ ಟೊರೊಂಟೊದಿಂದ ಜ್ಯೂರಿಚ್‌ಗೆ ಹೊರಟಿದ್ದ ವಿಮಾನವೊಂದು ಅಟ್ಲಾಂಟಿಕ್ ಸಾಗರದ ಮೇಲಿತ್ತು. ಆಗಷ್ಟೇ ನಿದ್ದೆಯಿಂದ ಎದ್ದಿದ್ದ ಸಹ ಪೈಲಟ್ ಶುಕ್ರ ಗ್ರಹವನ್ನು ಎದುರು ಬರುತ್ತಿರುವ ವಿಮಾನವೆಂದು ತಿಳಿದರು. ಸಾವಿರ ಅಡಿ ಕೆಳಗೆ ನಿಜವಾಗಿಯೂ ಒಂದು ವಿಮಾನ ಬರುತ್ತಿತ್ತು. ಅದು ಕಣ್ಣಿಗೆ ಬಿದ್ದಾಗ ಡಿಕ್ಕಿಯೇ ಆಗುತ್ತದೆಂದು ಹೆದರಿ, ತಮ್ಮ ವಿಮಾನದ ಮೂತಿಯನ್ನು ತಟಕ್ಕನೆ ಕೆಳಗಿಳಿಸಿದರು. 14 ಪ್ರಯಾಣಿಕರು ಮತ್ತು 2 ಸಿಬ್ಬಂದಿ ಗಾಯಗೊಂಡರು. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿಯಲ್ಲಿ ಇದೆಲ್ಲ ದಾಖಲಾಗಿದೆ. ಪೈಲಟ್‌ಗಳೇ ಹೀಗೆ ಬೇಸ್ತು ಬೀಳುವಾಗ ನಿಮ್ಮ ಮನೆಯಲ್ಲಿ ವಾದ ನಡೆದದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ವೇಗದ ವಿಷಯ. ‘ಉಪಗ್ರಹ ಬಹಳ ವೇಗವಾಗಿ ಹೋಗುತ್ತದೆ, ಇದು ನಿಧಾನ, ಆದ್ದರಿಂದ ವಿಮಾನ’ ಎಂಬ ತರ್ಕ ಕೇಳಲು ಚೆನ್ನ, ಲೆಕ್ಕದಲ್ಲಿ ನಿಲ್ಲುವುದಿಲ್ಲ. ಪ್ರಯಾಣಿಕ ವಿಮಾನ ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ವೇಗ ಗಂಟೆಗೆ ಸುಮಾರು 28,000 ಕಿಲೋಮೀಟರ್, ಎತ್ತರ ಸುಮಾರು 400 ಕಿಲೋಮೀಟರ್. ವೇಗ ಮೂವತ್ತು ಪಟ್ಟು, ದೂರ ನಲವತ್ತು ಪಟ್ಟು. ಹೀಗಾಗಿ ನೆತ್ತಿಯ ಮೇಲೆ ಹಾದುಹೋಗುವಾಗ ಎರಡೂ ಕಣ್ಣಿಗೆ ಬಹುತೇಕ ಒಂದೇ ವೇಗದಲ್ಲಿ ಸಾಗುತ್ತವೆ.

ಉಪಗ್ರಹವನ್ನು ಹಿಡಿದುಕೊಡುವುದು ಅದರ ಬೆಳಕಿನ ಮೂಲ. ಅದಕ್ಕೆ ಸ್ವಂತ ದೀಪವಿಲ್ಲ, ಅದು ಹೊಳೆಯುವುದು ಬಿಸಿಲಿನಲ್ಲಿ. ನೆಲದಲ್ಲಿ ಕತ್ತಲಾಗಿದ್ದರೂ ನೂರಾರು ಕಿಲೋಮೀಟರ್ ಮೇಲೆ ಇನ್ನೂ ಬಿಸಿಲಿರುತ್ತದೆ. ಆದ್ದರಿಂದಲೇ ಹೆಚ್ಚಿನ ಉಪಗ್ರಹಗಳು ಸೂರ್ಯಾಸ್ತವಾದ ಒಂದೆರಡು ಗಂಟೆ ಮತ್ತು ಸೂರ್ಯೋದಯಕ್ಕೆ ಮುಂಚಿನ ಒಂದೆರಡು ಗಂಟೆ ಕಾಣುತ್ತವೆ. ಸಂಜೆ ಪೂರ್ವದತ್ತ ಸಾಗುವ ಉಪಗ್ರಹ, ಮೋಡವೊಂದೂ ಇಲ್ಲದ ಆಕಾಶದ ನಡುವೆ ಮಂಕಾಗಿ ಇಲ್ಲವಾಗುತ್ತದೆ. ಅದು ಭೂಮಿಯ ನೆರಳನ್ನು ಹೊಕ್ಕಿತು ಎಂದರ್ಥ. ವಿಮಾನ ಹೀಗೆ ಮಾಯವಾಗುವುದಿಲ್ಲ. ದಿಕ್ಕೂ ಉಪಯುಕ್ತ: ಭೂಮಿಯ ತಿರುಗುವಿಕೆಯ ಲಾಭ ಸಿಗಲೆಂದು ಬಹಳಷ್ಟನ್ನು ಪೂರ್ವಕ್ಕೆ ಹಾರಿಸುತ್ತಾರೆ, ಭೂಮಿಯ ಚಿತ್ರ ತೆಗೆಯುವಂಥವು ಉತ್ತರ–ದಕ್ಷಿಣವಾಗಿ ಸಾಗುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ನೇರವಾಗಿ ಹೋಗುವ ಚುಕ್ಕಿ ಕಂಡರೆ ಮೊದಲು ವಿಮಾನವನ್ನೇ ಶಂಕಿಸಿ.

ಮಿನುಗಿದರೆ ವಿಮಾನ ಎಂಬ ಸೂತ್ರಕ್ಕೂ ಅಪವಾದವಿದೆ. ಬಳಸಿ ಬಿಟ್ಟ ರಾಕೆಟ್‌ನ ಭಾಗಗಳು ಉರುಳುತ್ತಾ ಹೋಗುವಾಗ ಕೆಲವು ಸೆಕೆಂಡುಗಳಿಗೊಮ್ಮೆ ಮಿಂಚಿ ಆರುತ್ತವೆ. ವಿಮಾನದ ದೀಪದಷ್ಟು ಚುರುಕು ಅವುಗಳಿಗಿಲ್ಲ, ಕೆಂಪು–ಹಸಿರೂ ಇಲ್ಲ. ಸಾಲುಗಟ್ಟಿ ಒಂದರ ಹಿಂದೆ ಒಂದು ಹೋಗುವ ಚುಕ್ಕಿಗಳು ಕಂಡರೆ ಅವು ಇತ್ತೀಚೆಗೆ ಉಡಾಯಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಅವುಗಳ ಮೊದಲ 60ರ ಗುಂಪು ಹೋದಾಗಿನಿಂದ ಹಲವರನ್ನು ಇವು ಗಾಬರಿಗೊಳಿಸಿವೆ.

ಗ್ರಹಗಳ ವಿಷಯದಲ್ಲಿ ‘ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ’ ಎಂಬ ಶಾಲೆಯ ಪಾಠಕ್ಕೆ ಅಗತ್ಯಕ್ಕಿಂತ ಹೆಚ್ಚು ಮರ್ಯಾದೆ ಸಿಕ್ಕಿದೆ ಎಂದು ನನ್ನ ಅಭಿಪ್ರಾಯ. ದಿಗಂತದ ಬಳಿಯ ದಪ್ಪ ಗಾಳಿಯಲ್ಲಿ ಗ್ರಹವೂ ಮಿನುಗುತ್ತದೆ. ಇನ್ನು ಲುಬ್ಧಕ ನಕ್ಷತ್ರವಂತೂ ಅಲ್ಲಿ ಕೆಂಪು, ಹಸಿರು, ನೀಲಿಗಳನ್ನು ಚಿಮ್ಮಿಸುತ್ತಾ ವಿಮಾನವೆಂದೇ ನಂಬಿಸುತ್ತದೆ. ಗ್ರಹವಿರುವ ಜಾಗ ಇದಕ್ಕಿಂತ ಗಟ್ಟಿ ಸಾಕ್ಷಿ. ಗ್ರಹಗಳೆಲ್ಲ ಸೂರ್ಯ ಮತ್ತು ಚಂದ್ರ ಸಾಗುವ ದಾರಿಯ ಆಸುಪಾಸಿನಲ್ಲೇ ಇರುತ್ತವೆ. ಧ್ರುವ ನಕ್ಷತ್ರದ ಬಳಿ ನಿಂತ ಹೊಳಪು ಎಷ್ಟೇ ಚೆನ್ನಾಗಿದ್ದರೂ ಗ್ರಹವಲ್ಲ. ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ಹೆಚ್ಚು ದೂರ ಹೋಗದ ಕಾರಣ ಸಂಜೆ ಪಶ್ಚಿಮದಲ್ಲಿ ಅಥವಾ ಮುಂಜಾವಿನಲ್ಲಿ ಪೂರ್ವದಲ್ಲಿ ಮಾತ್ರ ಸಿಗುತ್ತಾನೆ. ನಡುರಾತ್ರಿ ನೆತ್ತಿಯ ಮೇಲೆ ಬಿಳಿಯಾಗಿ ಬೆಳಗುವವನು ಸಾಮಾನ್ಯವಾಗಿ ಗುರು. ಮಂಗಳನಿಗೆ ಕೆಂಬಣ್ಣವಿದೆ, ಸುಮಾರು 26 ತಿಂಗಳಿಗೊಮ್ಮೆ ಭೂಮಿಗೆ ಹತ್ತಿರ ಬಂದಾಗ ಮಾತ್ರ ಕಣ್ಸೆಳೆಯುತ್ತಾನೆ. ಶನಿ ಮಂಕು ಹಳದಿ. ಬುಧನನ್ನು ಬೇಕೆಂದೇ ಹುಡುಕಬೇಕು.

ಮೊಬೈಲ್‌ನಲ್ಲಿ ಹಿಗ್ಗಿಸಿ ತೆಗೆದ ವಿಡಿಯೋವನ್ನು ದಯವಿಟ್ಟು ಸಾಕ್ಷಿಯಾಗಿ ಹಿಡಿಯಬೇಡಿ. ಕತ್ತಲಲ್ಲಿ ಫೋಕಸ್ ಸಿಗದ ಕ್ಯಾಮೆರಾ ಶುಕ್ರನನ್ನು ನಡುಗುವ ಬಿಲ್ಲೆಯನ್ನಾಗಿ ಮಾಡುತ್ತದೆ, ಅದನ್ನೇ ಜನ ಹಾರುವ ತಟ್ಟೆಯೆಂದು ಹಂಚಿಕೊಳ್ಳುತ್ತಾರೆ. ಅದರ ಬದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ದಿಕ್ಕನ್ನೂ, ದಿಗಂತದಿಂದ ಎಷ್ಟು ಮೇಲೆ ಎಂಬುದನ್ನೂ ಬರೆಯಿರಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಸ್ಟೆಲೇರಿಯಂ ತಂತ್ರಾಂಶದಲ್ಲಿ ಆ ಹೊತ್ತಿನ ಆಕಾಶವನ್ನು ತೆರೆದರೆ ಅಲ್ಲಿ ಗ್ರಹವಿತ್ತೇ ಎಂಬುದು ಗೊತ್ತಾಗುತ್ತದೆ. ಬಾಹ್ಯಾಕಾಶ ನಿಲ್ದಾಣ ಯಾವಾಗ ಹಾದುಹೋಗುತ್ತದೆ ಎಂಬುದನ್ನು ನಾಸಾ ಮುಂಚಿತವಾಗಿಯೇ ತಿಳಿಸುತ್ತದೆ. ಆ ಸಮಯಕ್ಕೂ ನೀವು ಬರೆದುಕೊಂಡ ಸಮಯಕ್ಕೂ ಹತ್ತು ನಿಮಿಷದ ಅಂತರವಿದ್ದರೆ ನೀವು ಕಂಡದ್ದು ನಿಲ್ದಾಣವಲ್ಲ.