ಎಸೆದದ್ದು ಕೈಗೆ ಬರಬೇಕಾದರೆ

ಲ್ಯಾಬ್ರಡಾರ್ ಮರಿಗೆ ಎಸೆದ ವಸ್ತುವಿನ ಹಿಂದೆ ಓಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಂಟು ವಾರದ ಮರಿ ಕೂಡ ಉಂಡೆ ಮಾಡಿದ ಕಾಲುಚೀಲ ಉರುಳಿಸಿದರೆ ಓಡಿಹೋಗಿ ಕಚ್ಚಿಕೊಳ್ಳುತ್ತದೆ. ತರಬೇತುದಾರರ ಹತ್ತಿರ ಬರುವ ದೂರುಗಳೆಲ್ಲ ಅಲ್ಲಿಂದ ಮುಂದಿನ ಭಾಗದ್ದು. ಹಿಡಿದದ್ದನ್ನು ತರುವುದಿಲ್ಲ, ತಂದರೂ ಕೊಡುವುದಿಲ್ಲ, ದಿವಾನದ ಕೆಳಗೆ ಒಯ್ದು ಕಡಿಯುತ್ತದೆ, ಹತ್ತಿರ ಹೋದರೆ ಸತಾಯಿಸಿ ಓಡುತ್ತದೆ. ಈ ಅಭ್ಯಾಸಗಳಲ್ಲಿ ಬಹುಪಾಲು ಮರಿಗೆ ಆರು ತಿಂಗಳು ತುಂಬುವ ಮೊದಲೇ, ಮನೆಯವರ ಕೈಯಿಂದಲೇ ಬಂದಿರುತ್ತವೆ. ಹಾಗಾಗಿ ನಾಯಿಯ ಬಾಯಿಯಷ್ಟೇ ನಮ್ಮ ಕೈಯ ಬಗ್ಗೆಯೂ ಇಲ್ಲಿ ಹೇಳಬೇಕಾಗಿದೆ.

ಬೇಟೆಯಾಡುವ ಪ್ರಾಣಿಯ ನಡೆ ಒಂದು ಸರಪಳಿ ಇದ್ದಂತೆ. ಗುರುತಿಸುವುದು, ದಿಟ್ಟಿಸುವುದು, ಹೊಂಚುತ್ತ ಹತ್ತಿರವಾಗುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ಸೀಳಿ ತಿನ್ನುವುದು. ಮನುಷ್ಯ ಶತಮಾನಗಳ ಕಾಲ ಆಯ್ದು ಆಯ್ದು ಕೂಡಿಸಿದ್ದರಿಂದ ಬೇರೆ ಬೇರೆ ತಳಿಗಳಲ್ಲಿ ಬೇರೆ ಬೇರೆ ಕೊಂಡಿ ಗಟ್ಟಿಯಾಗಿದೆ. ಪಾಯಿಂಟರ್, ಸೆಟ್ಟರ್ ನಾಯಿಗಳು ಹೊಂಚುವ ಹಂತದಲ್ಲೇ ಕಲ್ಲಿನಂತೆ ನಿಂತುಬಿಡುತ್ತವೆ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಎತ್ತಿ ತರುವ ರಿಟ್ರೀವರ್‌ಗಳಲ್ಲಿ ಕಚ್ಚಿ ಹಿಡಿಯುವ ಕೊಂಡಿ ಬಲ, ಕೊಲ್ಲುವ ಕೊಂಡಿ ದುರ್ಬಲ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳಿಂದ ಬ್ರಿಟನ್ನಿನಲ್ಲಿ ರೂಪುಗೊಂಡು 1903ರಲ್ಲಿ ಅಲ್ಲಿನ ಕೆನೆಲ್ ಕ್ಲಬ್ಬಿನ ಮಾನ್ಯತೆ ಪಡೆದ ಲ್ಯಾಬ್ರಡಾರ್‌ನ ಮೆದುಬಾಯಿಗೆ, ಅಂದರೆ ಹಿಡಿದದ್ದನ್ನು ಕಡಿಯದೆ ಮೆಲ್ಲಗೆ ಹಿಡಿಯುವ ಗುಣಕ್ಕೆ, ಇದೇ ಕಾರಣ. ನಮ್ಮ ಮುಧೋಳ ನಾಯಿ ಕಣ್ಣಿಂದ ಕಂಡು ಅಟ್ಟುವ ಜಾತಿ. ಮುಧೋಳದ ಮರಿ ಎರಡು ಸಲ ತಂದು ಮೂರನೇ ಸಲ ಮುಖ ತಿರುಗಿಸಿದರೆ ಅದನ್ನು ದಡ್ಡ ಎನ್ನಬೇಡಿ. ಅದರ ಕೆಲಸವೇ ಬೇರೆ.

ಈ ವಿದ್ಯೆ ಬೇಟೆಯಿಂದ ಬಂದದ್ದಾದರೂ ನಮ್ಮಲ್ಲಿ ಬೇಟೆಗೆ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿ ಹಿಡಿಯುವುದು, ಕೊಲ್ಲುವುದು ಅಪರಾಧ. ಹೊಸಕೋಟೆ, ಆನೇಕಲ್ ಕಡೆಯ ಹೊಲಗಳಿಗೆ ಕರೆದೊಯ್ದು ಕವುಜುಗದ ಹಿಂದೆ ನಾಯಿ ಬಿಡುವುದನ್ನು ‘ಪ್ರಾಕ್ಟೀಸ್’ ಎಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಿ. ಕೆರೆಯಂಗಳದಲ್ಲೂ ಎಚ್ಚರ ಬೇಕು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಟಿಟ್ಟಿಭಗಳು ಬಯಲು ನೆಲದಲ್ಲೇ ಮೊಟ್ಟೆ ಇಡುತ್ತವೆ, ಬಿಟ್ಟ ನಾಯಿಯೊಂದು ಸಾಕು ಗೂಡು ಹಾಳಾಗಲು. ನಮಗೆ ಬೇಕಾದದ್ದೆಲ್ಲ ಬಟ್ಟೆಯ ಡಮ್ಮಿಯಲ್ಲೇ, ಅಂದರೆ ಹಕ್ಕಿಯ ಬದಲಿಗೆ ಎಸೆಯುವ ಉದ್ದನೆಯ ಸುರುಳಿಯಲ್ಲೇ, ಸಿಗುತ್ತದೆ.

ದೊಡ್ಡ ನಾಯಿಗಳಿಗೆ ಬಳಸುವ ಕ್ಯಾನ್ವಾಸ್ ಡಮ್ಮಿ ಸುಮಾರು 450 ಗ್ರಾಂ ತೂಗುತ್ತದೆ. ಮರಿಗೆ ಅದು ಭಾರ. ಹಳೆಯ ಟವೆಲನ್ನು ಬಿಗಿಯಾಗಿ ಸುತ್ತಿ, ಜೀನ್ಸ್ ಬಟ್ಟೆಯ ಚೀಲಕ್ಕೆ ತುರುಕಿ ಹೊಲಿದರೆ 20 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ದಪ್ಪದ ಒಳ್ಳೆಯ ಡಮ್ಮಿ ಮನೆಯಲ್ಲೇ ತಯಾರು. ಟೆನಿಸ್ ಚೆಂಡು ಬೇಡ. ಅದರ ಜೂಲು ಮಣ್ಣು ಹಿಡಿದು ಉಪ್ಪುಕಾಗದದಂತೆ ಹಲ್ಲು ಸವೆಸುತ್ತದೆ, ಉರುಳುವ ಚೆಂಡು ಮರಿಯನ್ನು ಹುಚ್ಚೆಬ್ಬಿಸುತ್ತದೆ. ಡಮ್ಮಿ ಆಟಿಕೆಯ ಬುಟ್ಟಿಯಲ್ಲಿ ಇರಬಾರದು. ಅಭ್ಯಾಸದ ಹೊತ್ತಿಗೆ ಮಾತ್ರ ಬೀರುವಿನಿಂದ ಹೊರಬರಬೇಕು.

ಲಸಿಕೆಯ ಸರಣಿ ಮುಗಿಯಲು ಸುಮಾರು ನಾಲ್ಕು ತಿಂಗಳಾಗುತ್ತದೆ. ಅಲ್ಲಿಯತನಕ ಬೀದಿ, ಪಾರ್ಕು ಬೇಡ, ರೂಮುಗಳ ನಡುವಿನ ಪ್ಯಾಸೇಜು ಸಾಕು. ನಿಜ ಹೇಳಬೇಕೆಂದರೆ ಮೈದಾನಕ್ಕಿಂತ ಪ್ಯಾಸೇಜೇ ಮೇಲು, ಎರಡೂ ಕಡೆ ಗೋಡೆ ಇರುವುದರಿಂದ ಮರಿಗೆ ವಾಪಸು ಬರಲು ಒಂದೇ ದಾರಿ. ಆಚೆ ತುದಿಯ ಬಾಗಿಲುಗಳನ್ನು ಮುಚ್ಚಿ. ಮರಿಯ ಹಾಸಿಗೆಯನ್ನು ಈಚೆ ತುದಿಯಲ್ಲಿ, ನಿಮ್ಮ ಬೆನ್ನ ಹಿಂದೆ ಹಾಕಿ. ಸಿಕ್ಕಿದ್ದನ್ನು ತನ್ನ ಹಾಸಿಗೆಗೆ ಒಯ್ಯುವುದು ಮರಿಯ ಸ್ವಭಾವ, ದಾರಿಯಲ್ಲಿ ನೀವು ಕೂತಿರುತ್ತೀರಿ. ಗ್ರಾನೈಟ್, ಟೈಲ್ಸ್ ನೆಲವಾದರೆ ಉದ್ದಕ್ಕೂ ಜಾರದ ಮ್ಯಾಟ್ ಹಾಸಲೇಬೇಕು. ಬೆಳೆಯುವ ಮೂಳೆಯ ಮರಿ ಓಡಿ ತಿರುಗುವಾಗ ಜಾರಿದರೆ ಸೊಂಟ, ಮಂಡಿಗೆ ಪೆಟ್ಟು.

ಎಸೆತ 2ರಿಂದ 3 ಮೀಟರ್, ಅಷ್ಟೇ. ಮರಿ ಡಮ್ಮಿ ಎತ್ತಿಕೊಂಡ ಕೂಡಲೇ ಹೆಸರು ಹಿಡಿದು ಕರೆಯುತ್ತ ಹುರಿದುಂಬಿಸಿ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತಿರಿ, ಎದುರಿಗೆ ಬಾಗಿ ನಿಂತರೆ ಮರಿ ಹಿಂಜರಿಯುತ್ತದೆ. ಇನ್ನು ಕೈಯ ವಿಷಯ. ಮರಿ ನಿಮ್ಮ ತೊಡೆಯ ಮೇಲೆ ಏರಿದಾಗ ಕೈ ಅದರ ಎದೆಗೆ, ಪಕ್ಕೆಗೆ ಹೋಗಬೇಕು, ಬಾಯಿಗೆ ಹೋಗಬಾರದು. ಡಮ್ಮಿ ಅದರ ಬಾಯಲ್ಲೇ ಇರಲಿ. ಸವರಿ, ಮುದ್ದು ಮಾಡಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಬಾಯಲ್ಲಿ ಇಟ್ಟುಕೊಂಡು ಹತ್ತಿರ ಬಂದರೆ ಸುಖವಿದೆ ಎಂದು ಮರಿಗೆ ಗೊತ್ತಾಗುವುದು ಈ ಹತ್ತು ಸೆಕೆಂಡಿನಲ್ಲಿ. ಆಮೇಲೆ ಗದ್ದದ ಕೆಳಗೆ ಅಂಗೈ ಹಿಡಿದರೆ ತಾನಾಗಿ ಬಿಡುತ್ತದೆ. ಬಂದ ಕೂಡಲೇ ಕಿತ್ತುಕೊಳ್ಳುವವರ ಮರಿ ನಾಲ್ಕೇ ದಿನದಲ್ಲಿ ಎರಡರಲ್ಲೊಂದು ಕಲಿಯುತ್ತದೆ: ಒಂದೋ ಮೂರಡಿ ದೂರದಲ್ಲೇ ಬಿಸಾಕುವುದು, ಇಲ್ಲವೇ ಹಲ್ಲು ಬಿಗಿಹಿಡಿದು ಜಗ್ಗುವುದು. ಎರಡನೆಯದು ಬೆಳೆದರೆ ಕಡಿದು ಹಿಂಡುವ ಗಡುಸುಬಾಯಿ ಆಗುತ್ತದೆ, ತಿದ್ದಲು ತಿಂಗಳುಗಟ್ಟಲೆ ಬೇಕು.

ದಿನಕ್ಕೆ ಮೂರು ಎಸೆತ ಸಾಕು. ನಾಲ್ಕನೆಯದು ಬೇಕೆಂದು ಮರಿ ಕಣ್ಣರಳಿಸುವಾಗಲೇ ಡಮ್ಮಿ ಬೀರು ಸೇರಲಿ. ಮಕ್ಕಳಿರುವ ಮನೆಯಲ್ಲಿ ಈ ನಿಯಮ ಪಾಲಿಸುವುದು ಕಷ್ಟ, ಆದರೂ ಬಿಡಬೇಡಿ. ಇಪ್ಪತ್ತು ಸಲ ಎಸೆದರೆ ಹದಿನೈದನೆಯದರ ಹೊತ್ತಿಗೆ ಮರಿ ಅರ್ಧ ದಾರಿಯಲ್ಲಿ ಮಲಗಿ ಜಗಿಯುತ್ತದೆ, ಅಂದರೆ ತರದೆ ಇರುವುದನ್ನು ನಾವೇ ಅಭ್ಯಾಸ ಮಾಡಿಸಿದಂತೆ.

ಹಿಡಿದುಕೊಂಡು ಓಡುವ ಮರಿಯನ್ನು ಅಟ್ಟಿಸಿಕೊಂಡು ಹೋಗಲೇಬೇಡಿ. ಅದಕ್ಕೆ ಅದಕ್ಕಿಂತ ದೊಡ್ಡ ಬಹುಮಾನ ಬೇರೊಂದಿಲ್ಲ. ಬೆನ್ನು ತೋರಿಸಿ ಎದುರು ದಿಕ್ಕಿಗೆ ನಡೆಯಿರಿ, ಹೆಚ್ಚಿನ ಮರಿಗಳು ಹಿಂದೆಯೇ ಬರುತ್ತವೆ. ಚಟ ಆಗಲೇ ಅಂಟಿದ್ದರೆ ಒಂದೇ ಥರದ ಎರಡು ಡಮ್ಮಿ ಇಟ್ಟುಕೊಂಡು, ಎರಡನೆಯದನ್ನು ನಿಮ್ಮ ಕಾಲ ಬಳಿ ಆಡಿಸಿ ಹತ್ತಿರಕ್ಕೆ ಸೆಳೆಯಬಹುದು. ಈ ಉಪಾಯ ಒಂದೆರಡು ವಾರಕ್ಕೆ ಮಾತ್ರ. ಮುಂದುವರಿಸಿದರೆ ಎರಡನೆಯದು ಕಂಡ ತಕ್ಷಣ ಮೊದಲನೆಯದನ್ನು ಉಗಿಯುವ ಹೊಸ ತಪ್ಪು ಶುರು. ಬಯಲಿಗೆ ಹೋದ ಮೇಲೆ 10 ಮೀಟರ್ ಹಗ್ಗವನ್ನು ಕೊರಳಪಟ್ಟಿಗಲ್ಲ, ಎದೆಯ ಹಾರ್ನೆಸ್‌ಗೆ ಕಟ್ಟಿ. ತುದಿಯಲ್ಲಿ ಕುಣಿಕೆ, ಗಂಟು ಇರಬಾರದು, ಪೊದೆಗೆ ಸಿಕ್ಕಿಕೊಳ್ಳುತ್ತದೆ. ಹಗ್ಗ ಎಳೆಯಲು ಅಲ್ಲ, ತಪ್ಪಿಸಿಕೊಳ್ಳದಂತೆ ಕಾಲಲ್ಲಿ ಮೆಟ್ಟಲು. ಬೀದಿನಾಯಿಗಳ ಗುಂಪು ಇರುವ ಜಾಗವನ್ನು ಮೊದಲೇ ನೋಡಿಕೊಂಡು ಬಿಟ್ಟುಬಿಡಿ. ಬಾಯಲ್ಲಿ ಡಮ್ಮಿ ಇರುವ ಮರಿಯ ಮೇಲೆ ಅವು ಒಮ್ಮೆ ಮುಗಿಬಿದ್ದರೆ ಮತ್ತೆ ಅದು ಬಾಯಿ ಹಾಕಲು ಹೆದರಬಹುದು.

ಮೂರೂವರೆ–ನಾಲ್ಕು ತಿಂಗಳಿಗೆ ಹಾಲುಹಲ್ಲು ಬೀಳತೊಡಗಿ ಆರೇಳು ತಿಂಗಳಿಗೆ 42 ಹಲ್ಲು ಪೂರ್ತಿ ಬರುತ್ತವೆ. ವಸಡು ನೋಯುವ ಆ ವಾರಗಳಲ್ಲಿ ಡಮ್ಮಿ ಮುಟ್ಟದಿದ್ದರೆ ಬಲವಂತ ಬೇಡ, ಅಭ್ಯಾಸ ನಿಲ್ಲಿಸಿ. ಆಮೇಲೆ ‘ಹಿಡಿ’ ಪಾಠ. ಡಮ್ಮಿಯನ್ನು ಕೈಯಲ್ಲೇ ಹಿಡಿದು ಮರಿಯ ಮುಂದೆ ಇಡಿ. ಮೂತಿ ತಾಗಿಸಿದ ಕ್ಷಣಕ್ಕೆ ಕ್ಲಿಕ್ಕರ್ (ಒತ್ತಿದರೆ ಟಕ್ ಎನ್ನುವ ಪುಟ್ಟ ಸಾಧನ) ಅಥವಾ ಚುಟುಕಾಗಿ ‘ಹಾಂ’, ಒಡನೆ ಬಟಾಣಿ ಕಾಳಿನಷ್ಟು ಬೇಯಿಸಿದ ಕೋಳಿ ಅಥವಾ ಪನೀರ್. ಐದಾರು ಸಲ ಸರಿಬಂದ ಮೇಲೆ ಬಾಯಿ ತೆರೆದಾಗ ಮಾತ್ರ, ಆಮೇಲೆ ಕಚ್ಚಿದಾಗ ಮಾತ್ರ, ಆಮೇಲೆ ಒಂದು ಸೆಕೆಂಡು ಕಚ್ಚಿಕೊಂಡಿದ್ದಾಗ ಮಾತ್ರ. ಒಂದರಿಂದ ಎರಡು, ಮೂರು, ಐದು, ಹತ್ತು ಸೆಕೆಂಡಿಗೆ ಏರಿಸಿ. ಬೀಳಿಸಿದರೆ ಬೈಯದೆ ಹಿಂದಿನ ಹಂತಕ್ಕೆ ಮರಳಿ. ಕೂತಲ್ಲೇ ಹತ್ತು ಸೆಕೆಂಡು ಹಿಡಿದರೆ ಒಂದು ಹೆಜ್ಜೆ ನಡೆಸಿ, ಆಮೇಲೆ ನಾಲ್ಕು, ಕೊನೆಗೆ ನೆಲದಿಂದ ಎತ್ತಿಸಿ. ದಿನಕ್ಕೆ ಐದೈದು ನಿಮಿಷದ ಎರಡು ಪಾಠ, ಮೂರ್ನಾಲ್ಕು ವಾರ. ತಿಂಡಿಯ ಚೀಲ ಸೊಂಟದ ಹಿಂಭಾಗದಲ್ಲಿರಲಿ. ಕೈ ಚೀಲದತ್ತ ಹೋಗುವುದನ್ನು ಕಂಡ ನಾಯಿ ದೂರದಲ್ಲೇ ಡಮ್ಮಿ ಉದುರಿಸಿ ಬಾಯಿ ಚಪ್ಪರಿಸುತ್ತದೆ. ಕೊಟ್ಟ ತಿಂಡಿಯಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್‌ಗೆ ಬೊಜ್ಜು ಬೇಗ.

ಕಿವಿ ಹಿಂಡಿ ಬಾಯಿ ತೆರೆಸುವ ಹಳೆಯ ಪದ್ಧತಿಯನ್ನು ಈಗಲೂ ಕೆಲವರು ಕಲಿಸುತ್ತಾರೆ. ನೋವಿನಿಂದ ಹಿಡಿದ ನಾಯಿ ನೋವು ನಿಂತಾಗ ಬಿಡುತ್ತದೆ ಅಷ್ಟೇ. ಪ್ರಾಣಿಗೆ ವಿನಾಕಾರಣ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು.

ಪದಗಳ ಬಗ್ಗೆ ಮನೆಮಂದಿ ಕೂತು ತೀರ್ಮಾನಿಸಬೇಕು. ಅಜ್ಜಿ ‘ಬಾರೋ’ ಎಂದು, ಅಪ್ಪ ‘ಕಮ್’ ಎಂದು, ಮಗಳು ಹೆಸರು ಹಿಡಿದು ಕರೆದರೆ ಮರಿಗೆ ಯಾವುದೂ ಆಜ್ಞೆಯಲ್ಲ. ಕನ್ನಡದಲ್ಲಿ ‘ಕೂರು’, ‘ಕೊಡು’ ಎರಡನ್ನೂ ಬಳಸಿದರೆ ನಾಯಿಯ ಕಿವಿಗೆ ಅವು ಅವಳಿಜವಳಿ, ಡಮ್ಮಿ ತಂದು ಕೂರಬೇಕಾದಲ್ಲಿ ಉದುರಿಸಿಬಿಡುತ್ತದೆ. ‘ಕೂರು’ ಇಟ್ಟುಕೊಂಡು ‘ಕೊಡು’ ಬದಲು ‘ಬಿಡು’ ಎನ್ನಿ. ‘ಬಿಡು’ ಜೊತೆ ‘ಬಾ’ ಗೊಂದಲವಾಗದಂತೆ ಕರೆಯಲು ಸೀಟಿ ಬಳಸುವುದು ಒಳ್ಳೆಯದು: ಚಿಕ್ಕದಾಗಿ ಮೂರು ಸಲ ಊದಿದರೆ ಬಾ, ಉದ್ದಕ್ಕೆ ಒಂದು ಸಲ ಊದಿದರೆ ಕೂರು. ಒಳಗೆ ಗುಂಡು ಇರುವ ಸೀಟಿ ಬೇಡ. ಟ್ರಾಫಿಕ್ ಪೊಲೀಸರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಊದುವುದು ಅದನ್ನೇ, ದಿನವಿಡೀ ಕೇಳಿ ಮರಿಗೆ ಆ ಸದ್ದಿನ ಬೆಲೆಯೇ ಹೋಗಿರುತ್ತದೆ.

ಎಸೆದ ಕೂಡಲೇ ನುಗ್ಗದೆ ಕಾಯುವುದನ್ನು ಏಳೆಂಟು ತಿಂಗಳಿಗೆ ಮೊದಲು ಕಲಿಸಬೇಡಿ, ಎಳೆಯದರಲ್ಲೇ ತಡೆದರೆ ಓಡುವ ಹುರುಪೇ ಕುಗ್ಗುತ್ತದೆ. ವಯಸ್ಸಾದ ಮೇಲೆ ಕೂರಿಸಿ, ಬಾರು ಹಿಡಿದು, ಎಸೆದು, ಮೂರು ಎಣಿಸಿ ಹೆಸರು ಹೇಳಿ ಕಳಿಸಿ. ಎಣಿಕೆಯನ್ನು ಹತ್ತರವರೆಗೆ ಒಯ್ಯಿರಿ. ನಾಲ್ಕು ಎಸೆತದಲ್ಲಿ ಎರಡನ್ನು ನೀವೇ ನಡೆದುಹೋಗಿ ಎತ್ತಿಕೊಂಡು ಬನ್ನಿ, ಬಿದ್ದದ್ದೆಲ್ಲ ತನ್ನದಲ್ಲ ಎಂದು ಅದಕ್ಕೆ ತಿಳಿಯಲಿ.

ಪಾಯಿಂಟರ್ ಸಾಕಿದವರಿಗೆ ಒಂದು ಮಾತು. ಬಾಲ್ಕನಿಯ ಪಾರಿವಾಳದ ಎದುರು ಒಂದು ಮುಂಗಾಲೆತ್ತಿ ನಿಲ್ಲುವ ಮರಿಯ ಸ್ವಭಾವವನ್ನು ಕೋಲಿನ ಆಟದಿಂದ ಹದಗೊಳಿಸಬಹುದು. ಎರಡು ಮೀಟರ್ ಬಿದಿರಿನ ಕೋಲು, ಅಷ್ಟೇ ಉದ್ದದ ದಾರ, ತುದಿಗೆ ತೊಳೆದು ಒಣಗಿಸಿದ ನಾಟಿಕೋಳಿಯ ಗರಿ. ಮರಿ ಹಾರಿದರೆ ಗರಿ ಮೇಲಕ್ಕೆ. ನುಗ್ಗಿದರೆ ಸಿಗದೆಂದು ತಿಳಿದು ಅದು ನಿಂತಾಗ ಸದ್ದಿಲ್ಲದೆ ಬೆನ್ನು ಸವರಿ, ಮೆಲ್ಲಗೆ ‘ನಿಲ್ಲು’ ಎನ್ನಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಇದು ಕಣ್ಣಿನ ಆಟ, ನಿಜವಾದ ಪಾಯಿಂಟ್, ಅಂದರೆ ಬೇಟೆಯತ್ತ ಅಲುಗದೆ ನಿಂತು ತೋರಿಸುವುದು, ಮೂಗಿನದು. ಅತಿಯಾದರೆ ಮೂಗು ಮರೆತು ಕಣ್ಣಿಗೆ ಕಂಡದ್ದರ ಹಿಂದೆ ಓಡುತ್ತದೆ.

ಮೂಗಿಗೆ ಕೆಲಸ ಕೊಡಬೇಕಾದರೆ ಮೊಣಕಾಲೆತ್ತರದ ಹುಲ್ಲಿನಲ್ಲಿ ಡಮ್ಮಿ ಅಡಗಿಸಿ, ಗಾಳಿ ನಾಯಿಯ ಮುಖಕ್ಕೆ ಬರುವಂತೆ ನಿಂತು ‘ಹುಡುಕು’ ಎಂದು ಕಳಿಸಿ. ಬೆಂಗಳೂರಿನಲ್ಲಿ ಮುಂಗಾರಿನ ಗಾಳಿ ಪಡುವಣದಿಂದ, ಚಳಿಗಾಲದ್ದು ಮೂಡಣದಿಂದ. ಕಟ್ಟಡಗಳ ನಡುವೆ ಸುಳಿಯುವ ಗಾಳಿಯನ್ನು ಹಚ್ಚಿದ ಊದುಬತ್ತಿಯ ಹೊಗೆ ನೋಡಿ ಖಚಿತ ಮಾಡಿಕೊಳ್ಳಿ. ನೆಲ ತೇವವಾಗಿರುವ ಮುಂಜಾನೆ ವಾಸನೆ ಚೆನ್ನಾಗಿ ನಿಲ್ಲುತ್ತದೆ. ನಾಯಿ ತಡಕಾಡುವಾಗ ಬೆರಳು ತೋರಿಸಿ ಸಹಾಯ ಮಾಡಿದರೆ ಅದು ಹುಡುಕುವುದನ್ನು ಬಿಟ್ಟು ನಿಮ್ಮ ಮುಖ ನೋಡುತ್ತದೆ.

ಹುಲ್ಲಿನಿಂದ ಬಂದ ಮೇಲೆ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯಿರಿ, ಉಣ್ಣೆಜ್ವರ ಈ ಊರಿನಲ್ಲಿ ಸಾಮಾನ್ಯ. ನೀರಿನ ಪಾಠಕ್ಕೆ ನಗರದ ಕೆರೆಗಳು ಬೇಡ, ಕೊಳಚೆ ನೀರಿನಿಂದ ಇಲಿಜ್ವರ ತಗಲುತ್ತದೆ. ಅದರ ಲಸಿಕೆಯನ್ನು ವರ್ಷವರ್ಷ ಹಾಕಿಸಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಅಭ್ಯಾಸ ಮುಗಿಯಬೇಕು. ಬಾಯಿ ತುಂಬ ಡಮ್ಮಿ ಇರುವ ನಾಯಿ ಸರಿಯಾಗಿ ತೇಕಲಾರದು, ಮೈಬಿಸಿ ಇಳಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ತೇಕುವುದೇ. ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ನಾಲಿಗೆ ಅಗಲವಾಗಿ ಜೋತು, ವಸಡು ಕಡುಗೆಂಪಾಗಿ, ನಡಿಗೆ ತೂರಾಡಿದರೆ ನೆರಳಿಗೆ ಒಯ್ದು ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತ, ಹಾಗೆಯೇ ಪಶುವೈದ್ಯರ ಬಳಿಗೆ ಹೊರಡಿ.