ನೋಟ ನಿಲ್ಲಬೇಕಾದರೆ ಕಣ್ಣು ಓಡಬೇಕು

ಪಾರಿವಾಳ ನಡೆಯುವಾಗ ತಲೆ ಕುಣಿಸುತ್ತದೆ ಎಂದೇ ಎಲ್ಲರೂ ಹೇಳುತ್ತೇವೆ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಪಕ್ಕದಿಂದ ಒಂದು ವಿಡಿಯೊ ತೆಗೆದು ನೋಡಿ. ತಲೆ ಸರಕ್ಕನೆ ಮುಂದೆ ಹೋಗಿ ಗಾಳಿಯಲ್ಲಿ ಒಂದೆಡೆ ನಿಂತುಬಿಡುತ್ತದೆ. ಕಾಲು ನಡೆಯುತ್ತಲೇ ಇರುತ್ತದೆ, ಮೈ ಮುಂದೆ ಬಂದು ತಲೆಯನ್ನು ಸೇರಿಕೊಳ್ಳುತ್ತದೆ. ಸೇರಿದ್ದೇ ತಡ, ತಲೆ ಮತ್ತೆ ಮುಂದಕ್ಕೆ. ಹಿಂದಕ್ಕೂ ಮುಂದಕ್ಕೂ ತೂಗಾಡಿದಂತೆ ಕಂಡರೂ, ನೆಲದ ಲೆಕ್ಕದಲ್ಲಿ ಆ ತಲೆ ಹಿಂದಕ್ಕೆ ಬರುವುದೇ ಇಲ್ಲ.

ಹಕ್ಕಿಗೆ ಬೇಕಾದದ್ದು ಆ ನಿಲುಗಡೆ. ಕಣ್ಣಿನೊಳಗೆ ಬೆಳಕನ್ನು ಹಿಡಿಯುವ ಕೋಶಗಳು ನಿಧಾನ. ಬೆಳಕು ಬಿದ್ದಮೇಲೆ ಸರಿಯಾಗಿ ಸ್ಪಂದಿಸಲು ಅವಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಬಿಂಬ ಜಾರಿದರೆ ಚಿತ್ರ ಕಲಸಿಹೋಗುತ್ತದೆ. ಕಣ್ಣಿದ್ದು ಓಡಾಡುವ ಪ್ರತಿಯೊಂದು ಪ್ರಾಣಿಗೂ ಇರುವ ತೊಂದರೆ ಇದು. ಇದಕ್ಕೆ ದೇಹ ಕಂಡುಕೊಂಡ ಉಪಾಯ ಎಷ್ಟು ಚೆನ್ನಾಗಿದೆಯೆಂದರೆ, ಅಂಥದ್ದೊಂದು ಇದೆ ಎಂಬುದೇ ನಮಗೆ ಬಹಳ ಕಾಲ ಗೊತ್ತಾಗಲಿಲ್ಲ. ಅದು ಗೊತ್ತಾದದ್ದು ತಲೆ ತಿರುಗಿದವರಿಂದ, ಕಿವಿ ಕೆಟ್ಟವರಿಂದ.

ಮೊದಲ ಸುಳಿವು ಹಿಡಿದವರು ಲಂಡನ್ನಿನಲ್ಲಿದ್ದ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಹೊಳೆಯುವ ವಸ್ತುವನ್ನು ದಿಟ್ಟಿಸಿ ಕಣ್ಣು ಬೇರೆಡೆ ಹೊರಳಿಸಿದರೆ ಅದರ ಗುರುತು ಸ್ವಲ್ಪ ಹೊತ್ತು ಕಣ್ಣಲ್ಲೇ ಉಳಿಯುತ್ತದಲ್ಲ? ಆ ಗುರುತು ಅಕ್ಷಿಪಟಕ್ಕೆ, ಅಂದರೆ ಕಣ್ಣಿನೊಳಗಿನ ಬೆಳಕು ಹಿಡಿಯುವ ಪರದೆಗೆ, ಅಂಟಿಕೊಂಡದ್ದು. ವೆಲ್ಸ್ ಹಾಗೆ ಗುರುತು ಮೂಡಿಸಿಕೊಂಡು, ಗಿರಗಿರನೆ ಸುತ್ತಿ, ತಟ್ಟನೆ ನಿಂತರು. ಎದುರಿನ ವಸ್ತುಗಳ ಮೇಲೆ ಆ ಗುರುತು ಸರಿದಾಡಿತು. ಹಾಗಾದರೆ ಸರಿದದ್ದು ಕಣ್ಣೇ! 1792ರಲ್ಲಿ ಇದನ್ನು ಬರೆದಾಗ ಎರಾಸ್ಮಸ್ ಡಾರ್ವಿನ್, ಅಂದರೆ ಚಾರ್ಲ್ಸ್ ಡಾರ್ವಿನ್ನರ ಅಜ್ಜ, ಒಪ್ಪಲಿಲ್ಲ. ವೆಲ್ಸ್ ಮತ್ತೆ ಪರೀಕ್ಷಿಸಿ, ಕಣ್ಣು ಒಂದು ಕಡೆ ನಿಧಾನವಾಗಿ ಜಾರಿ ಇನ್ನೊಂದು ಕಡೆ ಥಟ್ಟನೆ ಮರಳುವುದನ್ನೂ ವಿವರಿಸಿದರು. ಯಾವ ಉಪಕರಣವೂ ಇಲ್ಲದೆ ತನ್ನ ಕಣ್ಣನ್ನೇ ಅಳತೆಗೋಲು ಮಾಡಿಕೊಂಡ ಈ ಮನುಷ್ಯನಿಗೆ ಸಿಗಬೇಕಾದ ಹೆಸರು ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಕಣ್ಣನ್ನು ಓಡಿಸುವವರು ಯಾರು? 1820ರ ದಶಕದಲ್ಲಿ ಪ್ಯಾರಿಸ್ಸಿನ ಪಿಯರ್ ಫ್ಲೂರಾಂ ಪಾರಿವಾಳಗಳ ಒಳಕಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿ ನೋಡಿದರು. ಅಡ್ಡನಾಳ ಕತ್ತರಿಸಿದರೆ ತಲೆ ಎಡಬಲಕ್ಕೆ ಓಲಾಡುತ್ತಿತ್ತು, ನಿಂತನಾಳ ಕತ್ತರಿಸಿದರೆ ಮೇಲೆ ಕೆಳಗೆ. ಕೇಳುವ ಶಕ್ತಿ ಮಾತ್ರ ಹೋಗುತ್ತಿರಲಿಲ್ಲ. ಇದರ ಅರ್ಥ ಬಿಡಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1873ರಿಂದ 1875ರ ನಡುವೆ ಮೂವರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು: ಪ್ರಾಗ್‌ನ ಭೌತವಿಜ್ಞಾನಿ ಅರ್ನ್ಸ್ಟ್ ಮಾಖ್, ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್, ಎಡಿನ್‌ಬರೋದ ರಸಾಯನವಿಜ್ಞಾನಿ ಅಲೆಕ್ಸಾಂಡರ್ ಕ್ರಮ್ ಬ್ರೌನ್. ಒಂದಕ್ಕೊಂದು ಅಡ್ಡಲಾಗಿರುವ ಮೂರು ನಾಳಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಅದು ಹಿಂದುಳಿಯುತ್ತದೆ. ಅದರಿಂದ ತಲೆ ಯಾವ ಕಡೆ ತಿರುಗಿತು ಎಂಬುದು ಮಿದುಳಿಗೆ ತಿಳಿಯುತ್ತದೆ. ರೈಲು ತಿರುವಿನಲ್ಲಿ ಹೋಗುವಾಗ ಹೊರಗಿನ ಮನೆ, ಮರಗಳು ವಾಲಿದಂತೆ ಕಂಡದ್ದೇ ಮಾಖ್‌ಗೆ ಈ ವಿಷಯದ ಗೀಳು ಹಿಡಿಸಿತು.

ಮುಂದೆ ವಿಯೆನ್ನಾದ ರಾಬರ್ಟ್ ಬಾರಾನಿ, ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣು ಒಂದು ಕಡೆಗೂ ಬಿಸಿನೀರು ಬಿಟ್ಟರೆ ಇನ್ನೊಂದು ಕಡೆಗೂ ಎಳೆದಾಡುವುದನ್ನು ಗಮನಿಸಿದರು. ಅವರಿಗೆ 1914ರ ನೊಬೆಲ್ ಪ್ರಶಸ್ತಿ ಪ್ರಕಟವಾದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. 1933ರಲ್ಲಿ ರಾಫೆಲ್ ಲೊರೆಂಟೆ ದೆ ನೋ ಈ ದಾರಿಯ ನರಜಾಲವನ್ನು ಬಿಡಿಸಿಟ್ಟರು. ಒಳಕಿವಿಯಿಂದ ಕಣ್ಣಿನ ಸ್ನಾಯುವಿಗೆ ಸುದ್ದಿ ಮುಟ್ಟಿಸಲು ಮೂರೇ ನರಕೋಶ ಸಾಕು. ಹಾಗಾಗಿಯೇ ತಲೆ ತಿರುಗಿದ ಹತ್ತು ಮಿಲಿಸೆಕೆಂಡಿನೊಳಗೆ ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೊರಳಿರುತ್ತದೆ. ಕಂಡದ್ದನ್ನು ನೋಡಿ ಹಿಂಬಾಲಿಸಲು ಅದೇ ಕಣ್ಣಿಗೆ ಸುಮಾರು ನೂರು ಮಿಲಿಸೆಕೆಂಡ್ ಬೇಕು. ಇದನ್ನು ಈಗಲೇ ಪರೀಕ್ಷಿಸಬಹುದು. ತಲೆ ಅಲ್ಲಾಡಿಸದೆ ಫೋನನ್ನು ಎಡಬಲಕ್ಕೆ ಬೇಗಬೇಗ ಆಡಿಸಿದರೆ ಅಕ್ಷರ ಓದಲಾಗದು. ಫೋನ್ ಹಿಡಿದಲ್ಲೇ ಹಿಡಿದು ತಲೆಯನ್ನು ಅದೇ ವೇಗದಲ್ಲಿ ಆಡಿಸಿ, ಸಲೀಸಾಗಿ ಓದುತ್ತೀರಿ.

ಈ ವ್ಯವಸ್ಥೆ ಇಲ್ಲದೆ ಬದುಕುವುದು ಹೇಗಿರುತ್ತದೆ ಎಂಬುದನ್ನು ತಾನೇ ಅನುಭವಿಸಿ ಬರೆದವರು ಒಬ್ಬ ಅಮೆರಿಕನ್ ವೈದ್ಯರು. ಕ್ಷಯಕ್ಕೆಂದು ಪಡೆದ ಸ್ಟ್ರೆಪ್ಟೊಮೈಸಿನ್ ಅವರ ಎರಡೂ ಒಳಕಿವಿಗಳ ಸಮತೋಲನದ ಕೋಶಗಳನ್ನು ಕೊಂದಿತ್ತು. 1952ರಲ್ಲಿ ಪ್ರಕಟವಾದ ಅವರ ಬರಹವನ್ನು ಈಗ ಓದಿದರೂ ಮನಸ್ಸು ಕಲಕುತ್ತದೆ. ಓದಬೇಕೆಂದರೆ ಮಂಚದ ತಲೆಭಾಗದ ಸರಳುಗಳ ನಡುವೆ ತಲೆಯನ್ನು ಒತ್ತಿ ಹಿಡಿಯಬೇಕಿತ್ತು. ಆಗಲೂ ನಾಡಿ ಮಿಡಿದಂತೆಲ್ಲ ಅಕ್ಷರಗಳು ಕುಪ್ಪಳಿಸುತ್ತಿದ್ದವು. ದಾರಿಯಲ್ಲಿ ಎದುರಾದವರ ಗುರುತು ಹಿಡಿಯಲು ನಡಿಗೆ ನಿಲ್ಲಿಸಬೇಕಿತ್ತು. ನಮ್ಮಲ್ಲೂ ದಶಕಗಳ ಕಾಲ ಕ್ಷಯರೋಗಿಗಳಿಗೆ ಇದೇ ಇಂಜೆಕ್ಷನ್ ಕೊಡುತ್ತಿದ್ದರು. ಸೋಂಕುಗಳಿಗೆ ಕೊಡುವ ಜೆಂಟಾಮೈಸಿನ್‌ಗೂ ಇದೇ ಗುಣವಿದೆ. ಇಂಥ ಔಷಧಿ ಪಡೆದವರು 'ನಡೆದರೆ ಕಣ್ಣೆದುರು ಎಲ್ಲ ಕುಣಿಯುತ್ತದೆ' ಎಂದರೆ ಅದನ್ನು ನಿಶ್ಶಕ್ತಿ ಎಂದು ತಳ್ಳಿಹಾಕಬಾರದು.

ನಾವು ಕಣ್ಣು ಹೊರಳಿಸಿ ನೋಟ ನಿಲ್ಲಿಸುವುದನ್ನೇ ಪಾರಿವಾಳ ಕತ್ತಿನಿಂದ ಮಾಡುತ್ತದೆ. ಅದರ ಕಣ್ಣುಗಳು ಪಕ್ಕಕ್ಕಿವೆ. ನಡೆಯುವಾಗ ಪಕ್ಕದ ದೃಶ್ಯವೇ ಹೆಚ್ಚು ಜಾರುವುದು, ಅದನ್ನು ತಡೆಯಲು ಇಡೀ ತಲೆಯನ್ನೇ ಅದು ನಿಲ್ಲಿಸುತ್ತದೆ. 1978ರಲ್ಲಿ ಕೆನಡಾದ ಬ್ಯಾರಿ ಫ್ರಾಸ್ಟ್ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಆದರೆ ಸುತ್ತಲಿನ ದೃಶ್ಯ ಸರಿಯುತ್ತಿರಲಿಲ್ಲ. ತಲೆಯ ಆಟ ನಿಂತುಹೋಯಿತು! ತಲೆಯನ್ನು ಆಡಿಸುತ್ತಿದ್ದದ್ದು ನಡಿಗೆಯಲ್ಲ, ನೋಟ.

ಈ ಎಳೆಗಳನ್ನು ಒಟ್ಟಿಗೆ ಹಿಡಿಯುವಂಥ ಮಾತನ್ನು ಫ್ರಾಸ್ಟ್‌ಗೂ ಮೊದಲೇ ಹೇಳಿದ್ದವರು ಅಮೆರಿಕದ ಗಾರ್ಡನ್ ವಾಲ್ಸ್. ಕಣ್ಣು ಹೊರಳುವುದು ಅತ್ತಿತ್ತ ನೋಡುವುದಕ್ಕೆ ಎಂದು ನಾವು ತಿಳಿದಿದ್ದೇವೆ. 1962ರಲ್ಲಿ ವಾಲ್ಸ್ ಇದನ್ನು ತಿರುಗಿಸಿ ಹಾಕಿದರು: ಕಣ್ಣಿಗೆ ಚಲನೆ ಬಂದದ್ದೇ ನೋಟವನ್ನು ಕದಲದಂತೆ ಹಿಡಿಯಲು, ಅತ್ತಿತ್ತ ನೋಡುವುದು ಆಮೇಲೆ ಸೇರಿಕೊಂಡದ್ದು. ಬ್ರಿಟನ್ನಿನ ಮೈಕೆಲ್ ಲ್ಯಾಂಡ್ ಮೀನು, ಏಡಿ, ನೊಣ, ಮನುಷ್ಯ ಎಲ್ಲರಲ್ಲೂ ಒಂದೇ ಕ್ರಮವನ್ನು ತೋರಿಸಿದರು. ನೋಟ ನಿಲ್ಲುತ್ತದೆ, ಥಟ್ಟನೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ನೊಣಕ್ಕೆ ಕಣ್ಣು ಹೊರಳಿಸಲು ಬರುವುದಿಲ್ಲವಾದ್ದರಿಂದ ಅದು ತಲೆಯನ್ನೂ ಮೈಯನ್ನೂ ಹೊರಳಿಸುತ್ತದೆ. ಹಿಂದಿನ ರೆಕ್ಕೆಗಳ ಜಾಗದಲ್ಲಿರುವ ಗುಂಡುತಲೆಯ ಪುಟ್ಟ ಕಡ್ಡಿಗಳು ಅದಕ್ಕೆ ತಿರುವಿನ ಸುದ್ದಿ ಕೊಡುತ್ತವೆ.

ತಿರುವನ್ನೇ ಯಾಕೆ ಹೀಗೆ ಚುಟುಕಾಗಿ ಮುಗಿಸಬೇಕು? ನೇರ ಸಾಗುವಾಗ ಹತ್ತಿರದ ವಸ್ತು ಬೇಗ, ದೂರದ್ದು ನಿಧಾನವಾಗಿ ಸರಿಯುತ್ತದೆ. ಅದರಿಂದ ದೂರ ತಿಳಿಯುತ್ತದೆ. ತಿರುಗುವಾಗ ಎಲ್ಲವೂ ಒಂದೇ ವೇಗದಲ್ಲಿ ಸರಿಯುವುದರಿಂದ ಏನೂ ತಿಳಿಯದು. ಜೇನುನೊಣಗಳು ಈ ಸರಿಯುವಿಕೆಯನ್ನು ಬಳಸಿಕೊಂಡು ಕಿರಿದಾದ ದಾರಿಯಲ್ಲಿ ಎರಡೂ ಗೋಡೆಗಳಿಂದ ಸಮದೂರದಲ್ಲಿ ಹಾರುತ್ತವೆ ಎಂದು ತೋರಿಸಿದವರಲ್ಲಿ ಮಂಡ್ಯಂ ಶ್ರೀನಿವಾಸನ್ ಒಬ್ಬರು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಅವರ ಕೆಲಸ ಈಗ ಡ್ರೋನ್‌ಗಳ ದಾರಿ ಹುಡುಕುವಿಕೆಗೂ ಬಂದಿದೆ.

ಆಸ್ಪತ್ರೆಗಳಿಗೆ ಈ ಕಥೆ ತಲುಪಿದ್ದು ಸರಳ ರೂಪದಲ್ಲಿ. 1988ರಲ್ಲಿ ಸಿಡ್ನಿಯ ಹಾಲ್ಮಾಗಿ ಮತ್ತು ಕರ್ತಾಯ್ಸ್ ಒಂದು ಪರೀಕ್ಷೆ ಹೇಳಿಕೊಟ್ಟರು. ರೋಗಿ ವೈದ್ಯರ ಮೂಗನ್ನೇ ನೋಡುತ್ತಿರಬೇಕು, ವೈದ್ಯರು ರೋಗಿಯ ತಲೆಯನ್ನು ಚಕ್ಕನೆ ಸ್ವಲ್ಪ ತಿರುಗಿಸಬೇಕು. ಒಳಕಿವಿ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆ ಹೋಗಿ, ಆಮೇಲೆ ಜಿಗಿದು ಮೂಗಿಗೆ ಮರಳುತ್ತದೆ. ಗಂಟೆಗಟ್ಟಲೆ ಬಿಡದೆ ತಲೆ ಸುತ್ತುತ್ತಿರುವ ರೋಗಿಯಲ್ಲಿ ನೋಟ ಮೂಗಿನಿಂದ ಕದಲದೆ ನಿಂತರೆ ನಿರಾಳವಾಗುವಂತಿಲ್ಲ. ಕಿವಿ ಸರಿಯಿದೆ ಎಂದಾದ ಮೇಲೆ ತೊಂದರೆ ಮಿದುಳಿನಲ್ಲಿರಬಹುದು, ಅದು ಪಾರ್ಶ್ವವಾಯು ಆಗಿರಬಹುದು. ಮೊದಲ ಒಂದೆರಡು ದಿನ ಎಂಆರ್‌ಐ ಸ್ಕ್ಯಾನ್ ಕೂಡ ತಪ್ಪಿಸಿಕೊಳ್ಳುವಂಥ ಪಾರ್ಶ್ವವಾಯುವನ್ನು, ಈ ಪರೀಕ್ಷೆಯೊಂದಿಗೆ ಕಣ್ಣಿನ ಇನ್ನೆರಡು ಲಕ್ಷಣಗಳನ್ನು ನೋಡಿ ಪಳಗಿದ ವೈದ್ಯರು ಹಾಸಿಗೆಯ ಪಕ್ಕದಲ್ಲೇ ಹಿಡಿಯಬಲ್ಲರು ಎಂದು 2009ರ ಅಧ್ಯಯನವೊಂದು ತೋರಿಸಿತು.