ಮೈಟ್ರಲ್ ಕವಾಟ ಕಿರಿದಾದಾಗ: ಬೆರಳಿನಿಂದ ಬಲೂನ್‌ವರೆಗೆ

ಬಸುರಿಗೆ ಏದುಸಿರು ಬಂದರೆ ಮನೆಯಲ್ಲಿ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. "ಹೊಟ್ಟೆ ಭಾರ, ಹಾಗೇ ಆಗುತ್ತೆ" ಅಂತ ಅತ್ತೆಯೂ ಹೇಳುತ್ತಾರೆ, ಅಮ್ಮನೂ ಹೇಳುತ್ತಾರೆ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಐದಾರು ತಿಂಗಳಿಗೇ ರಾತ್ರಿ ಮಲಗಲಾಗದೆ ದಿಂಬಿಗೆ ಒರಗಿ ಕೂರುವಂತಾದರೆ, ಕಫದಲ್ಲಿ ರಕ್ತದ ಗೆರೆ ಕಂಡರೆ, ಡಾಕ್ಟರಿಗೆ ಹೃದಯದ ಒಂದು ಕವಾಟದ ಮೇಲೆ ಅನುಮಾನ ಬರಬೇಕು. ಅದು ಮೈಟ್ರಲ್ ವಾಲ್ವ್. ಅದು ಕಿರಿದಾಗುವ ಕಾಯಿಲೆ ಮೈಟ್ರಲ್ ಸ್ಟೆನೋಸಿಸ್. ತಮಗೆ ಇದು ಇದೆ ಅಂತ ಎಷ್ಟೋ ಹೆಂಗಸರಿಗೆ ಗೊತ್ತಾಗುವುದೇ ಬಸಿರಿನಲ್ಲಿ.

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಹೃದಯದ ಎಡಭಾಗದ ಮೇಲಿನ ಕೋಣೆಗೆ ಬರುತ್ತದೆ. ಅಲ್ಲಿಂದ ಕೆಳಗಿನ ಕೋಣೆಗೆ ಇಳಿಯುವ ದಾರಿಯಲ್ಲೇ ಈ ಕವಾಟ ಇರುವುದು. ಎರಡು ತೆಳು ಪದರ, ಅವುಗಳನ್ನು ಹಿಡಿದಿಡುವ ಸಣ್ಣ ಸಣ್ಣ ಎಳೆಗಳು. ಆರೋಗ್ಯವಂತರಲ್ಲಿ ಇದು ತೆರೆದಾಗ 4ರಿಂದ 6 ಚದರ ಸೆಂಟಿಮೀಟರ್ ಜಾಗ ಸಿಗುತ್ತದೆ. ಕಾಯಿಲೆಯಲ್ಲಿ ಪದರಗಳು ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಡುವೆ ಒಂದು ಸೀಳು ಮಾತ್ರ ಉಳಿಯುತ್ತದೆ. ಡಾಕ್ಟರುಗಳು ಅದನ್ನು ಮೀನಿನ ಬಾಯಿ ಅನ್ನುತ್ತಾರೆ. ಆ ಬಾಯಿ 1.5 ಚದರ ಸೆಂಟಿಮೀಟರಿಗಿಂತ ಚಿಕ್ಕದಾದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಕೆಳಗೆ ಇಳಿಯಲಾಗದ ರಕ್ತದ ಒತ್ತಡ ಹಿಂದಕ್ಕೆ, ಶ್ವಾಸಕೋಶದ ಮೇಲೆ ಬೀಳುತ್ತದೆ. ಬಸಿರಿನಲ್ಲಿ ಮೈಯ ರಕ್ತ ಹತ್ತಿರಹತ್ತಿರ ಅರ್ಧದಷ್ಟು ಹೆಚ್ಚುತ್ತದೆ, ಬಡಿತವೂ ಜೋರಾಗುತ್ತದೆ. ಅಲ್ಲಿಯವರೆಗೆ ಹೇಗೋ ಸಂಭಾಳಿಸಿಕೊಂಡಿದ್ದ ಹೃದಯ ಆಗ ಸೋಲುತ್ತದೆ.

ಇದೆಲ್ಲ ಶುರುವಾಗುವುದು ಎಲ್ಲಿ ಗೊತ್ತಾ? ಗಂಟಲಲ್ಲಿ. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲುನೋವು ಬರುತ್ತದೆ. ಸರಿಯಾಗಿ ಔಷಧಿ ಬೀಳದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ಮೇಲೆ ಜ್ವರ, ಕೀಲುಬಾವು ಕಾಣಿಸಿಕೊಳ್ಳುತ್ತದೆ. ಇವತ್ತು ಮಂಡಿ, ನಾಳೆ ಮೊಣಕೈ. ಬ್ಯಾಕ್ಟೀರಿಯಾದ ಮೇಲೆ ಯುದ್ಧಕ್ಕೆ ಹೊರಟ ಮೈಯ ರಕ್ಷಣಾ ಪಡೆ ತನ್ನದೇ ಹೃದಯದ ಮೇಲೆ ಬಿದ್ದಿರುತ್ತದೆ. ಇದು ರುಮಾಟಿಕ್ ಜ್ವರ. ಕೀಲುಗಳನ್ನು ಬರೀ ನೆಕ್ಕಿ, ಹೃದಯವನ್ನು ಕಚ್ಚುವ ಕಾಯಿಲೆ ಅಂತ 19ನೇ ಶತಮಾನದ ಫ್ರೆಂಚ್ ವೈದ್ಯ ಲಾಸೆಗ್ ಹೇಳಿದ ಮಾತಿದೆ. ಮಂಡಿ ಬಾವು ಇಳಿದ ತಕ್ಷಣ ಮನೆಯವರು ಮರೆತುಬಿಡುತ್ತಾರೆ. ಕವಾಟ ಮಾತ್ರ ಸದ್ದಿಲ್ಲದೆ ಗಟ್ಟಿಯಾಗುತ್ತಾ ಹೋಗುತ್ತದೆ.

ಯುರೋಪು, ಅಮೆರಿಕದಲ್ಲಿ ಜ್ವರ ಬಂದ ಎಷ್ಟೋ ವರ್ಷಗಳ ಮೇಲೆ, ನಡುವಯಸ್ಸಿನ ಹೊತ್ತಿಗೆ ಕವಾಟ ಕಿರಿದಾಗುವುದು ವಾಡಿಕೆ. ನಮ್ಮಲ್ಲಿ ಅಷ್ಟು ಕಾಯುವುದಿಲ್ಲ. ಇಪ್ಪತ್ತು ತುಂಬುವ ಮೊದಲೇ ಕವಾಟ ತೀರಾ ಕಿರಿದಾದ ಮಕ್ಕಳ ಬಗ್ಗೆ ದೆಹಲಿಯ ಏಮ್ಸ್ ವೈದ್ಯರು 1963ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾಶ್ಚಾತ್ಯ ಪಠ್ಯಪುಸ್ತಕ ಓದಿ ಬೆಳೆದವರಿಗೆ ಅದು ಹೊಸ ಸಂಗತಿ.

ಅಂಟಿಕೊಂಡಿದ್ದನ್ನು ಬಿಡಿಸಿದರೆ ಆಯ್ತಲ್ವಾ ಅನ್ನಿಸುವುದು ಸಹಜ. 1902ರಲ್ಲಿ ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್ ಇದನ್ನೇ ಹೇಳಿ ಬೈಸಿಕೊಂಡರು. ಬಡಿಯುವ ಹೃದಯದೊಳಗೆ ಕತ್ತಿ ಹಾಕುವ ಮಾತೇ ಆಗ ಅಧಿಕಪ್ರಸಂಗ. ಅದಕ್ಕಿಂತ ದೊಡ್ಡ ಅಡ್ಡಿ ಒಂದು ನಂಬಿಕೆ. ತೊಂದರೆ ಇರುವುದು ಹೃದಯದ ಮಾಂಸದಲ್ಲಿ, ಕವಾಟದಲ್ಲಲ್ಲ ಅಂತ ಆಗಿನ ದೊಡ್ಡ ಹೃದಯವೈದ್ಯರೇ ಹೇಳುತ್ತಿದ್ದರು.

1923ರಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ 12 ವರ್ಷದ ಹುಡುಗಿಯೊಬ್ಬಳ ಹೃದಯದೊಳಗೆ ಚಾಕು ತೂರಿಸಿ ಕವಾಟ ಕೊಯ್ದರು. ಅವಳು ನಾಲ್ಕೂವರೆ ವರ್ಷ ಬದುಕಿದಳು. ಮುಂದೆ ಅವರು ಕವಾಟದ ತುಂಡನ್ನೇ ಕತ್ತರಿಸಿ ತೆಗೆಯುವ ಸಲಕರಣೆ ಹಿಡಿದರು. ಕಿರಿದಾಗಿದ್ದ ಕವಾಟ ಸೋರತೊಡಗಿತು, ರೋಗಿಗಳು ಸಾಲಾಗಿ ತೀರಿಕೊಂಡರು. ಕಟ್ಲರ್ ಕೈಬಿಟ್ಟರು.

ನನಗೆ ಹೆಚ್ಚು ಮರುಕ ಆಗುವುದು ಹೆನ್ರಿ ಸೂಟರ್ ಬಗ್ಗೆ. 1925ರಲ್ಲಿ ಲಂಡನ್ನಿನಲ್ಲಿ ಅವರು ಒಬ್ಬ ಹುಡುಗಿಯ ಎದೆ ತೆರೆದು, ಹೃದಯದ ಮೇಲಿನ ಕೋಣೆಯಿಂದ ಕಿವಿಯಂತೆ ಚಾಚಿಕೊಂಡಿರುವ ಭಾಗದಲ್ಲಿ ಸಣ್ಣ ಸೀಳು ಮಾಡಿ, ಅದರೊಳಗೆ ತೋರುಬೆರಳು ಇಳಿಸಿದರು. ಕವಾಟ ಬೆರಳ ತುದಿಗೆ ಸಿಕ್ಕಿತು. ಪ್ರತಿ ಬಡಿತಕ್ಕೂ ರಕ್ತ ಹಿಂದಕ್ಕೆ ಚಿಮ್ಮುವುದೂ ಗೊತ್ತಾಗುತ್ತಿತ್ತು. ಕೊಯ್ಯುವ ಗೊಡವೆಗೆ ಹೋಗದೆ ಬೆರಳಿನಿಂದಲೇ ಕವಾಟ ಬಿಡಿಸಿ ಹೊರಗೆ ಬಂದರು. ಹುಡುಗಿ ಚೇತರಿಸಿಕೊಂಡಳು. ಇಷ್ಟೆಲ್ಲ ಆದಮೇಲೂ ಯಾವ ಡಾಕ್ಟರೂ ಅವರ ಹತ್ತಿರ ಇನ್ನೊಬ್ಬ ರೋಗಿಯನ್ನು ಕಳಿಸಲಿಲ್ಲ. ಸರಿಯಾದ ದಾರಿ ಸಿಕ್ಕಿತ್ತು, ಆದರೂ 20 ವರ್ಷಕ್ಕೂ ಹೆಚ್ಚು ಕಾಲ ಅದು ಸುಮ್ನೆ ಬಿದ್ದಿತ್ತು.

ಮುಂದೆ ಬಂದವರು ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿ. ಹಠಮಾರಿ. ಒಬ್ಬೊಬ್ಬರಾಗಿ ರೋಗಿಗಳು ಸತ್ತರು, ಆಸ್ಪತ್ರೆಗಳು ಅವರಿಗೆ ಬಾಗಿಲು ಮುಚ್ಚತೊಡಗಿದವು. ಕೊನೆಗೆ 1948ರ ಜೂನ್ 10ಕ್ಕೆ ಎರಡು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಒಂದೇ ದಿನ ಎರಡು ಆಪರೇಷನ್ ಇಟ್ಟುಕೊಂಡರು. ಮೊದಲನೆಯದರ ಸುದ್ದಿ ಹಬ್ಬಿ ಎರಡನೆಯದನ್ನು ಯಾರಾದರೂ ತಡೆಯುವ ಮೊದಲೇ ಮುಗಿಸುವುದು ಲೆಕ್ಕಾಚಾರ. ಮೊದಲ ರೋಗಿ ಉಳಿಯಲಿಲ್ಲ. ಎರಡನೆಯವರು ಉಳಿದರು. ಇವತ್ತು ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಆರೇ ದಿನಕ್ಕೆ ಬಾಸ್ಟನ್ನಿನಲ್ಲಿ ಡ್ವೈಟ್ ಹಾರ್ಕೆನ್, ಸೆಪ್ಟೆಂಬರಿನಲ್ಲಿ ಲಂಡನ್ನಿನ ರಸೆಲ್ ಬ್ರಾಕ್ ಕೂಡ ಗೆದ್ದರು. ಯುದ್ಧಕಾಲದಲ್ಲಿ ಸೈನಿಕರ ಹೃದಯದಿಂದ ಗುಂಡು, ಬಾಂಬಿನ ಚೂರುಗಳನ್ನು ತೆಗೆದು ಹಾರ್ಕೆನ್ ಕೈ ಆಗಲೇ ಪಳಗಿತ್ತು.

ಭಾರತಕ್ಕೆ ಈ ಆಪರೇಷನ್ 1950ರ ದಶಕದಲ್ಲಿ ಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ಅದರಲ್ಲಿ ಮುಂದಿತ್ತು. ಹೃದಯ ನಿಲ್ಲಿಸಿದಾಗ ಅದರ ಕೆಲಸ ಮಾಡುವ ಯಂತ್ರ ಬೇಡ, ಖರ್ಚು ಕಡಿಮೆ. ಎಡಗಡೆ ಪಕ್ಕೆಯ ನಡುವೆ ತೆರೆದು, ಒಂದು ಕಡೆಯಿಂದ ಬೆರಳು, ಇನ್ನೊಂದು ಕಡೆಯಿಂದ ಟಬ್ಸ್ ಡೈಲೇಟರ್ ಅನ್ನುವ ಉಕ್ಕಿನ ಸಲಕರಣೆ. ಆ ಕಾಲದಲ್ಲಿ ಆಪರೇಷನ್ ಆದವರ ಎಡ ಸ್ತನದ ಕೆಳಗಿನಿಂದ ಬೆನ್ನಿನ ಕಡೆಗೆ ಉದ್ದ ಗಾಯದ ಗುರುತು ಹರಿದಿರುತ್ತದೆ.

ಆ ಗುರುತನ್ನೂ ಇಲ್ಲವಾಗಿಸಿದ್ದು ಜಪಾನಿನ ಸರ್ಜನ್ ಕಾಂಜಿ ಇನೋಯೆ. 1982ರಲ್ಲಿ ಅವರು ಬಲೂನ್ ತಂದರು. ತೊಡೆಸಂದಿನ ರಕ್ತನಾಳದಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ತೆಳು ಕೊಳವೆ ತೂರಿಸಿ ಹೃದಯದ ಬಲಭಾಗಕ್ಕೆ ತಲುಪಿ, ನಡುಗೋಡೆಯಲ್ಲಿ ಸಣ್ಣ ತೂತು ಮಾಡಿ ಎಡಕ್ಕೆ ದಾಟುತ್ತಾರೆ. ಈ ಬಲೂನಿನ ಜಾಣತನ ಅದು ಉಬ್ಬುವ ರೀತಿಯಲ್ಲಿದೆ. ರಬ್ಬರಿನ ಪದರಗಳ ನಡುವೆ ನೈಲಾನ್ ಬಲೆ ಇರುವುದರಿಂದ ಮೊದಲು ಮುಂಭಾಗ ಉಬ್ಬುತ್ತದೆ. ಅದನ್ನು ಎಳೆದು ಕವಾಟಕ್ಕೆ ಒತ್ತಿ ಹಿಡಿಯುತ್ತಾರೆ. ಆಮೇಲೆ ಹಿಂಭಾಗ ಉಬ್ಬಿ ಬಲೂನ್ ಜಾರದಂತೆ ಕೂರುತ್ತದೆ. ಕೊನೆಗೆ ಬಲೂನಿನ ನಡುವಿನ ಸೊಂಟ. ಎಕ್ಸ್‌ರೇ ಪರದೆಯ ಮೇಲೆ ಆ ಸೊಂಟ ಮಾಯವಾದರೆ ಅಂಟಿದ ಅಂಚುಗಳು ಬಿಟ್ಟುಕೊಂಡವು ಅಂತ ಅರ್ಥ. ಸಿರಿಂಜ್ ಒತ್ತಿ ಬಲೂನ್ ಉಬ್ಬಿಸಿ ಇಳಿಸುವುದು ಕೆಲವೇ ಸೆಕೆಂಡಿನ ಕೆಲಸ. ರೋಗಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ.

ಬೆಂಗಳೂರಿನ ಜಯದೇವ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದ ಜಾಗ. ಅದರ ನಿರ್ದೇಶಕರಾಗಿದ್ದ, 2024ರಲ್ಲಿ ಸಂಸದರಾದ ಡಾ. ಸಿ.ಎನ್. ಮಂಜುನಾಥ್ ಅವರೂ ಇದರಲ್ಲಿ ಪಳಗಿದವರು. ಔಷಧಿಗೆ ಬಗ್ಗದ ಬಸುರಿಯರಿಗೂ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಬಲೂನ್ ಚಿಕಿತ್ಸೆ ಮಾಡುವುದುಂಟು. ಆದರೆ ಬಲೂನ್ ಎಲ್ಲರಿಗೂ ಆಗದು. ಕವಾಟ ಸುಣ್ಣಗಟ್ಟಿದ್ದರೆ, ಸೋರುತ್ತಿದ್ದರೆ, ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಷ್ಟ. ಬಿಡಿಸಿದ ಕವಾಟ ಮತ್ತೆ ಕಿರಿದಾಗುವುದೂ ಇದೆ.

ಇಷ್ಟೆಲ್ಲ ಸಾಹಸ ಬೇಡವಾಗಿಸುವ ಔಷಧಿ 1950ರ ದಶಕದಿಂದಲೇ ನಮ್ಮ ಕೈಯಲ್ಲಿದೆ. ಬೆಂಜಥೀನ್ ಪೆನಿಸಿಲಿನ್. ರೋಗಿಗಳ ಬಾಯಲ್ಲಿ ಅದು ಪೆನಿಡ್ಯೂರ್ ಇಂಜೆಕ್ಷನ್. ಒಮ್ಮೆ ರುಮಾಟಿಕ್ ಜ್ವರ ಬಂದ ಮಗುವಿಗೆ 21 ದಿನಕ್ಕೊಮ್ಮೆ ಸೊಂಟಕ್ಕೆ ಚುಚ್ಚಬೇಕು. ವರ್ಷಗಟ್ಟಲೆ, ಕವಾಟ ಕೆಟ್ಟಿದ್ದರೆ 40 ವಯಸ್ಸಿನವರೆಗೂ. ಔಷಧಿ ಗಟ್ಟಿ, ನೋವು ಜಾಸ್ತಿ. ಬೆಲೆ ಕಡಿಮೆ, ಲಾಭವೂ ಕಡಿಮೆ. ತಯಾರಿಸುವವರು ಬೆರಳೆಣಿಕೆಯಷ್ಟು, ಹಾಗಾಗಿ ಎಷ್ಟೋ ದೇಶಗಳಲ್ಲಿ ಆಗಾಗ ಸಿಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನಕ್ಕೆ ರುಮಾಟಿಕ್ ಹೃದಯ ಕಾಯಿಲೆ ಇದೆ. ಬಲೂನಿಗೆ ಸಿಕ್ಕ ಗಮನದಲ್ಲಿ ಕಾಲುಭಾಗ ಈ ಸೂಜಿಗೆ ಸಿಕ್ಕಿದ್ದರೆ ಆ ಸಂಖ್ಯೆ ಇಷ್ಟು ದೊಡ್ಡದಿರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಅಲರ್ಜಿಯಾಗಿ ರೋಗಿ ಅಲ್ಲೇ ಕುಸಿದರೆ ಏನು ಗತಿ ಅನ್ನುವ ಭಯದಿಂದ ಎಷ್ಟೋ ಕಡೆ ಈ ಇಂಜೆಕ್ಷನ್ ಕೊಡಲು ಹಿಂಜರಿಯುತ್ತಾರೆ. 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಭಯವನ್ನೇ ಮತ್ತೆ ಪರಿಶೀಲಿಸಿತು. ಹೀಗೆ ಕುಸಿದವರಲ್ಲಿ ಹಲವರಿಗೆ ಅಲರ್ಜಿಗಿಂತ ಆಗಲೇ ಸೋತಿದ್ದ ಹೃದಯವೇ ಕಾರಣ ಇರಬಹುದು ಅಂತ ಹೇಳಿತು. ಕವಾಟ ತೀರಾ ಕಿರಿದಾಗಿ ಏದುಸಿರು ಇರುವವರಿಗೆ ಸೂಜಿಯ ಬದಲು ಪೆನಿಸಿಲಿನ್ ಮಾತ್ರೆ ಕೊಡಬಹುದು, ಅಂಥ ಅಪಾಯ ಕಡಿಮೆ ಇರುವವರಿಗೆ ಮೊದಲಿನಂತೆ ಸೂಜಿಯೇ ಸರಿ ಅನ್ನುವುದು ಅದರ ಸಲಹೆ.